ಕಾರಿನ ರೇಡಿಯೋದಲ್ಲಿ ಧಾರವಾಡದ ಕೈ

ಆಂಟಿ ಅಂಗಡಿಯೊಳಗೆ ಬಂದಾಗ ಅವರ ಬಗಲಲ್ಲಿ ಒಂದು ಚಪಾತಿ ಮಣೆ ಇತ್ತು. ಡಲ್ಲಸ್ಸಿನ ಉತ್ತರ ಭಾಗದಲ್ಲಿ, ಒಂದು ಟೈರಿನ ಅಂಗಡಿಗೂ ಒಂದು ಡೋನಟ್ ಅಂಗಡಿಗೂ ನಡುವೆ ಇರುವ ನಮ್ಮ ಟೂ-ವೇ ರೇಡಿಯೋ ಅಂಗಡಿಗೆ ಸಾಮಾನ್ಯವಾಗಿ ಬರುವವರೆಂದರೆ ಕೆಟ್ಟ ಕಾರು ಎಳೆಯುವ ಲಾರಿಯವರು, ಕಾಂಕ್ರೀಟ್ ಕಂಪನಿಯವರು, ಸುಂಟರಗಾಳಿ ಎದ್ದರೆ ಓಡಿಹೋಗುವ ಬದಲು ಅದರ ಹಿಂದೆಯೇ ಓಡುವ ಹವ್ಯಾಸಿಗಳು. ಸೀರೆಯ ಮೇಲೆ ಸ್ವೆಟರ್ ತೊಟ್ಟು, ಕಾಲಿಗೆ ಓಟದ ಶೂ ಹಾಕಿಕೊಂಡ ಹೆಂಗಸೊಬ್ಬರು ಬಂದದ್ದು ಅದೇ ಮೊದಲು. ನಾನು ಒಂದು ಪಿಕಪ್ಪಿನ ಸೀಟಿನ ಕೆಳಗೆ ತಲೆ ತೂರಿಸಿ ತಂತಿ ಎಳೆಯುತ್ತಿದ್ದೆ.

“ಇಲ್ಲೆ ಕನ್ನಡದ ಹುಡುಗಿ ಒಬ್ಬಾಕಿ ಗಾಡಿಗೆ ರೇಡಿಯೋ ಕೂಡಸ್ತಾಳಂತ. ನೀನ ಏನವಾ?”

ತಲೆ ಎತ್ತುವ ಅವಸರದಲ್ಲಿ ಸೀಟಿನ ಕಂಬಿಗೆ ಹಣೆ ಬಡಿಸಿಕೊಂಡೆ. ಮೂವತ್ತೈದು ದಾಟಿದ ಮೇಲೆ ಹುಡುಗಿ ಅನ್ನಿಸಿಕೊಂಡ ಖುಷಿಗೆ ನೋವು ಅಷ್ಟಾಗಿ ಗೊತ್ತಾಗಲಿಲ್ಲ.

ಮಣೆಯನ್ನು ಅವರು ಕೌಂಟರಿನ ಮೇಲಿಟ್ಟರು. ಅದರ ನಡುವೆ ಹಳೆಯ ಹಿತ್ತಾಳೆಯ ಮೋರ್ಸ್ ಕೀಲಿಯೊಂದನ್ನು ತಿರುಪು ಹಾಕಿ ಕೂರಿಸಿದ್ದರು. ಬೆರಳಿಟ್ಟು ಒತ್ತಿದರೆ ಟಕ್ ಎನ್ನುವ, ಚುಕ್ಕಿ ಮತ್ತು ಗೆರೆಯಲ್ಲಿ ಮಾತು ಕಳಿಸುವ ಕೀಲಿ ಅದು. ಆಂಟಿ ಹುಬ್ಬಳ್ಳಿಯ ಟೆಲಿಗ್ರಾಫ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹವ್ಯಾಸಿ ರೇಡಿಯೋದ ಪರವಾನಗಿ ಊರಿನಲ್ಲೇ ಪಡೆದಿದ್ದರು. ಇಲ್ಲಿಗೆ ಬಂದ ಮೇಲೆ ಅಮೆರಿಕದ ಪರೀಕ್ಷೆಗೂ ಕೂತು ಪಾಸಾಗಿದ್ದರು. ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತು ಮಾತಾಡಬೇಕು, ಮಾತು ಧಾರವಾಡ ಮುಟ್ಟಬೇಕು. ಇಷ್ಟು ಅವರ ಬೇಡಿಕೆ.

ಎಲ್ಲರೂ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದೆ. “ವಾಟ್ಸಾಪ್ ಇದೆಯಲ್ಲಾ ಆಂಟಿ?”

“ಅದ. ಆದ್ರ ನನ್ನ ಗೆಳತಿಗೆ ಗಂಟಲದ ಆಪರೇಷನ್ ಆಗೇದ. ದನಿ ಪೂರಾ ಹೋತು. ಫೋನ್ ಮಾಡಿದ್ರ ನಾನೊಬ್ಬಾಕಿನ ವಟಾವಟಾ ಮಾತಾಡಬೇಕು, ಅಕಿ ಮಾರಿ ನೋಡ್ಕೋತ ಕೂಡಬೇಕು.”

“ಮೆಸೇಜ್ ಮಾಡಬಹುದಲ್ವಾ ಅವರು?”

“ಮಾಡ್ತಾಳ. ಅದನ್ನ ಅಕಿನೂ ಬರೀಬಹುದು, ಅಕಿ ಸೊಸೀನೂ ಬರೀಬಹುದು, ನನಗ ಹೆಂಗ ಗೊತ್ತಾಗಬೇಕು? ಕೀಲಿ ಬಡದ್ರ ಮಾತ್ರ ಅದು ಅಕಿ ಕೈ. ದನಿ ಇದ್ದಂಗ ಅದು. ಎರಡು ಅಕ್ಷರ ಕೇಳಿದ್ರ ಸಾಕು, ಅಕಿ ಸಿಟ್ಟಿನ್ಯಾಗ ಇದ್ದಾಳೋ, ಊಟ ಮಾಡಿ ಕೂತಾಳೋ, ಎಲ್ಲಾ ಗೊತ್ತಾಗ್ತದ.”

ಫೋನಿನಲ್ಲೇ ಕೀಲಿ ಬಡಿದು ಕೇಳಿಸುವ ಪ್ರಯತ್ನವೂ ನಡೆದಿತ್ತಂತೆ. ಗೆಳತಿ ಕೀಲಿಗೆ ಒಂದು ಬಜರ್ ಕಟ್ಟಿ ಫೋನಿನ ಮುಂದಿಟ್ಟು ಬಡಿದರು. ಈ ಕಡೆ ಒಂದೆರಡು ಸದ್ದು ಕೇಳುವಷ್ಟರಲ್ಲಿ ಎಲ್ಲ ನಿಂತುಹೋಗುತ್ತಿತ್ತು. ಈಗಿನ ಫೋನುಗಳ ಬುದ್ಧಿವಂತಿಕೆ ಹಾಗೆ: ಮನುಷ್ಯರ ದನಿಯಲ್ಲದ್ದನ್ನೆಲ್ಲ ಗದ್ದಲ ಎಂದು ತಿಳಿದು ಒರೆಸಿಹಾಕುತ್ತವೆ. ಗೆಳತಿ ಮಾತ್ರ ಹಠ ಬಿಟ್ಟಿರಲಿಲ್ಲ. ಭಾನುವಾರ ಸಂಜೆ ತಮ್ಮ ಮನೆಯ ಅಟ್ಟದಲ್ಲಿ ರೇಡಿಯೋ ಮುಂದೆ ಕೂತು, ಇಬ್ಬರೂ ಬಹಳ ವರ್ಷ ಮಾತಾಡಿದ್ದ ಅದೇ ತರಂಗಾಂತರದಲ್ಲಿ ಆಂಟಿಯನ್ನು ಕರೆಯುತ್ತಿದ್ದರು. ಇಲ್ಲಿ ಆಂಟಿಯ ಬಳಿ ಅದನ್ನು ಕೇಳಲು ಏನೂ ಇರಲಿಲ್ಲ.

ಆಂಟಿ ಇಳಿದುಕೊಂಡಿದ್ದ ಮಗಳ ಮನೆ ಇದ್ದದ್ದು ಡಲ್ಲಸ್ ಪಕ್ಕದ ಫ್ರಿಸ್ಕೋದ ಹೊಸ ಬಡಾವಣೆಯೊಂದರಲ್ಲಿ. ಅಲ್ಲಿನ ಮನೆ ಮಾಲೀಕರ ಸಂಘಕ್ಕೆ ಕಸದ ಡಬ್ಬಿ ಬೀದಿಗೆ ಕಂಡರೂ ಆಗದು, ಹುಲ್ಲು ಗೇಣುದ್ದ ಬೆಳೆದರೂ ಆಗದು. ಆಂಟೆನಾದ ಮಾತೇ ಎತ್ತುವಂತಿಲ್ಲ. ಆಂಟಿ ಬಟ್ಟೆ ಒಣಗಿಸುವ ನೆಪ ಮಾಡಿ ಹಿತ್ತಲಲ್ಲಿ ಒಂದು ತಂತಿ ಕಟ್ಟಿದ್ದರು. ಬಟ್ಟೆ ಒಣಗಿಸುವುದೂ ನಿಷಿದ್ಧ ಎಂದು ನೋಟೀಸು ಬಂತು.

“ಕಾರಿಗೆ ಮಾತ್ರ ಅವರು ಏನೂ ಅನ್ನೂ ಹಂಗಿಲ್ಲ,” ಎಂದು ಆಂಟಿ ನಕ್ಕರು. “ಇವತ್ತ ಇಲ್ಲೆ ಇರ್ತದ, ನಾಳೆ ಮಾರ್ಕೆಟ್ಟಿನ್ಯಾಗ ಇರ್ತದ. ಯಾರ ಅಂಗಳಾನೂ ಅಲ್ಲ ಅದು.”

ಕೆಲಸಕ್ಕೆ ಅವಸರವಿತ್ತು. ಅದು ಎರಡು ಸಾವಿರದ ಹದಿನಾರರ ಮಾರ್ಚ್. ಆ ತಿಂಗಳ ಆಸುಪಾಸಿನಲ್ಲಿ ನಮಗೆ ಸೂರ್ಯ ಹುಟ್ಟುವ ಹೊತ್ತು, ಧಾರವಾಡದಲ್ಲಿ ಮುಳುಗುವ ಹೊತ್ತು, ಎರಡೂ ಹತ್ತಿರ ಬರುತ್ತವೆ. ಬೆಳಕೂ ಕತ್ತಲೆಯೂ ಕೂಡುವ ಆ ಗಡಿಯ ಉದ್ದಕ್ಕೂ ರೇಡಿಯೋ ಅಲೆಗಳು ಸಲೀಸಾಗಿ ಓಡುತ್ತವೆ. ದಿನ ಕಳೆದಂತೆ ಎರಡು ಹೊತ್ತುಗಳೂ ದೂರವಾಗುತ್ತವೆ. ಸಾಲದ್ದಕ್ಕೆ, ಅಲೆಗಳನ್ನು ದೂರ ಒಯ್ಯಲು ನೆರವಾಗುವ ಸೂರ್ಯನೂ ತನ್ನ ಹನ್ನೊಂದು ವರ್ಷದ ಏರಿಳಿತದಲ್ಲಿ ತಣ್ಣಗಾಗುತ್ತಿದ್ದ ವರ್ಷಗಳವು; ಮುಂದಿನ ವಸಂತದಲ್ಲಿ ಇಷ್ಟೂ ಕೇಳಿಸುತ್ತದೆಂಬ ನಂಬಿಕೆ ಇರಲಿಲ್ಲ. ಇದರ ಜೊತೆಗೆ ಆಂಟಿ ಆ ತಿಂಗಳ ಕೊನೆಗೆ ಆಸ್ಟಿನ್ನಿಗೆ, ಮಗನ ಮನೆಗೆ ಶಿಫ್ಟ್ ಆಗುವವರಿದ್ದರು. ಮಗನ ಅಪಾರ್ಟ್‌ಮೆಂಟು ಅಲ್ಲಿನ ದ ಡೊಮೇನ್ ಎಂಬ ದೊಡ್ಡ ಶಾಪಿಂಗ್ ಸಂಕೀರ್ಣದ ಹತ್ತಿರ. ಅಲ್ಲಿ ಕಾರು ನಿಲ್ಲುವುದು ಸಿಮೆಂಟಿನ ಬಹುಮಹಡಿಯೊಳಗೆ. ಕೆಲಸಕ್ಕೂ ಜಾಗವಿಲ್ಲ, ಅಲೆಗೂ ದಾರಿಯಿಲ್ಲ.

ಅಂಗಡಿಯ ಮಾಲೀಕ ಮಿತಭಾಷಿ ಟೆಕ್ಸಸ್ಸಿನವನು. ಕಾರಿನಿಂದ ಭಾರತವನ್ನು ಮುಟ್ಟುವುದು ಕಷ್ಟ, ಆಗದ್ದೇನಲ್ಲ ಎಂದ. ಕೆಲಸವನ್ನು ನನಗೇ ಬಿಟ್ಟ.

ನನ್ನದೂ ಒಂದು ಮಾತು ಹೇಳಿಬಿಡಬೇಕು. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು ನಾನು. ಗಂಡನ ವೀಸಾದ ಬಾಲವಾಗಿ ಬಂದು, ಕೆಲಸ ಮಾಡುವ ಹಕ್ಕಿಲ್ಲದೆ ಡಲ್ಲಸ್ ಹತ್ತಿರದ ಮರ್ಫಿ ಎಂಬ ಊರಿನ ಮನೆಯಲ್ಲಿ ವರ್ಷಗಟ್ಟಲೆ ಕೂತಿದ್ದೆ. ನಿಯಮ ಬದಲಾಗಿ ಪರ್ಮಿಟ್ ಕೈಗೆ ಬಂದಾಗ ಮೊದಲು ಸಿಕ್ಕ ಕೆಲಸ ಇದು. ಆ ಖಾಲಿ ವರ್ಷಗಳಲ್ಲಿ ಬೆಸುಗೆಯ ಹೊಗೆಯ ವಾಸನೆಗೆ ನನ್ನ ಜೀವ ಹಂಬಲಿಸುತ್ತಿತ್ತು ಎಂದರೆ ಮನೆಯವರು ನಗುತ್ತಿದ್ದರು. ಹಾಗಾಗಿ, ಎರಡು ಅಕ್ಷರ ಕೇಳಿದರೆ ಸಾಕು ಎಂದು ಆಂಟಿ ಹೇಳಿದಾಗ ನನಗೆ ನಗು ಬರಲಿಲ್ಲ.

ಕಾರು ಒಂದು ಎಸ್‌ಯುವಿ, ಮಕ್ಕಳಿಬ್ಬರೂ ಸೇರಿ ಅಮ್ಮನ ಹೆಸರಿನಲ್ಲಿ ಕೊಂಡದ್ದು. ಮನೆಯ ಮುಂದಿನ ಡ್ರೈವ್‌ವೇಯಲ್ಲೇ ಕೆಲಸ ಶುರು ಮಾಡಿದೆ. ಬಾನೆಟ್ ಎತ್ತುವ ಮೊದಲು ಡ್ಯಾಶ್‌ಬೋರ್ಡಿನ ಮೇಲೆ ಕೂತಿದ್ದ ಗಣಪತಿಗೆ ಕೈಮುಗಿದೆ. ಅಂಗೈಯಗಲದ ಗಣಪತಿ, ಒಳಗಿನಿಂದ ಹಳದಿ ಬೆಳಕು ಸೂಸುತ್ತಿತ್ತು. ಕಾರಿನ ಪೂಜೆಯ ದಿನ ಅಳಿಯ ತಂದು ಕೂರಿಸಿದ್ದಂತೆ.

ಆ ಅಳಿಯ ಲ್ಯಾಪ್‌ಟಾಪ್ ಹಿಡಿದುಕೊಂಡೇ ಹೊರಗೆ ಬಂದ. “ಮೇಡಂ, ಎರಡೇ ರಿಕ್ವೆಸ್ಟ್. ಒಂದು ಸ್ಕ್ಯಾನರ್ ಹಾಕಿಬಿಡಿ. ಟೊರ್ನೇಡೊ ಸೀಸನ್ನು, ಅತ್ತೆ ಒಬ್ಬರೇ ಡ್ರೈವ್ ಮಾಡ್ತಾರೆ, ವಾರ್ನಿಂಗ್ ಗೊತ್ತಾಗ್ಬೇಕು. ಇನ್ನೊಂದು, ಬಾಡಿಗೆ ತೂತು ಮಾತ್ರ ಬೇಡ. ರೀಸೇಲ್ ವ್ಯಾಲ್ಯೂ ಹೋಗ್ಬಿಡುತ್ತೆ.”

ತೂತು ಬೇಡ ಎಂದರೆ ಹಿಂಬಾಗಿಲಿನ ಅಂಚಿಗೆ ಕಚ್ಚಿಕೊಳ್ಳುವ ಹಿಡಿಕೆಯೇ ಗತಿ. ಮೊದಲು ವಿದ್ಯುತ್ತಿನ ತಂತಿ. ಅದು ಬೇರೆ ಯಾವುದನ್ನೂ ಮುಟ್ಟದೆ ನೇರ ಬ್ಯಾಟರಿಯಿಂದ ಬರಬೇಕು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಇರಬೇಕು. ಎಂಜಿನ್ನಿಗೂ ನಮಗೂ ನಡುವಿನ ತಗಡಿನಲ್ಲಿ ಕಾರಿನವರೇ ಬಿಟ್ಟಿರುವ ರಬ್ಬರಿನ ಮುಚ್ಚಳವನ್ನು ಸೀಳಿ ಅದನ್ನು ಒಳಗೆ ತಂದೆ. ಬಾಗಿಲಿನ ಕೆಳಗಿನ ಪ್ಲಾಸ್ಟಿಕ್ ಪಟ್ಟಿಗಳನ್ನು ಎಬ್ಬಿಸಿ, ಏರ್‌ಬ್ಯಾಗಿನ ಹಳದಿ ತಂತಿಗಳಿಂದ ದೂರ ಇಟ್ಟು, ಪಕ್ಕದ ಸೀಟಿನ ಕೆಳಗಿನವರೆಗೂ ಎಳೆದೆ. ರೇಡಿಯೋದ ಮೈ ಅಲ್ಲಿ ಕೂತಿತು. ಗುಂಡಿಗಳಿರುವ ಮುಖ ಮಾತ್ರ ಗೇರಿನ ಪಕ್ಕಕ್ಕೆ ಬಂತು. ಅದರ ಕೆಳಗೆ ಸ್ಕ್ಯಾನರ್. ಹಿಂದೆ ಮನುಷ್ಯನಿಗಿಂತ ಎತ್ತರದ ಕಡ್ಡಿ ಆಂಟೆನಾ. ಬಾನೆಟ್ಟಿನಿಂದ, ಹಿಂಬಾಗಿಲಿನಿಂದ, ಹೊಗೆ ಕೊಳವೆಯಿಂದ ಕಾರಿನ ಅಡಿಯ ಚೌಕಟ್ಟಿಗೆ ತಾಮ್ರದ ಹೆಣೆದ ಪಟ್ಟಿಗಳನ್ನು ಬಿಗಿದೆ. ಇಡೀ ಕಾರು ಒಂದೇ ಲೋಹದ ಹಾಗೆ ವರ್ತಿಸಿದರೆ ಮಾತ್ರ ಆ ಕಡ್ಡಿಗೆ ಬಲ.

ಸ್ಕ್ಯಾನರ್ ಮೊದಲ ದಿನವೇ ಮಾತಾಡಿತು. ಹವಾಮಾನದ ಸೂಚನೆ, ಅಗ್ನಿಶಾಮಕದವರ ಕರೆ, ಎಲ್ಲ ಸ್ವಚ್ಛ. ಬೆಂಕಿ ಆರಿಸುವ ಲಾರಿಗಳನ್ನು ಕಳಿಸುವ ಹೆಂಗಸೊಬ್ಬಳ ದನಿಗೆ ಆಂಟಿ ಮಾರುಹೋದರು. “ಅಲ್ಲೆ ಮನಿ ಉರೀಲಿಕ್ಕತ್ತದ, ಇಕಿ ಎಷ್ಟ್ ಸಮಾಧಾನದಾಗ ಹೇಳ್ತಾಳ ನೋಡು. ಇಂಥಾಕಿ ನಮ್ಮ ಆಫೀಸಿನ್ಯಾಗ ಇರಬೇಕಿತ್ತು.”

ಆಮೇಲೆ ದೊಡ್ಡ ರೇಡಿಯೋ ಹಾಕಿದೆ. ಕಿರ್‍ರ್ ಎಂದು ಒಂದೇ ಸಮನೆ ಗದ್ದಲ. ಜೀರುಂಡೆಗಳನ್ನೆಲ್ಲ ಡಬ್ಬದಲ್ಲಿ ತುಂಬಿ ಅಲ್ಲಾಡಿಸಿದ ಹಾಗೆ. ಅಮೆರಿಕದ್ದೇ ಆದ ಬಲವಾದ ಸ್ಟೇಷನ್ನುಗಳೇ ಅದರ ಅಡಿಯಲ್ಲಿ ಮುಳುಗಿದ್ದವು. ಧಾರವಾಡದ ಕೈ ಅದರೊಳಗೆ ಕೇಳಿಸುವ ಮಾತೇ ಇರಲಿಲ್ಲ.

ಗದ್ದಲ ಹುಡುಕುವುದು ನನ್ನ ಇಷ್ಟದ ಕೆಲಸ. ಒಂದೊಂದೇ ಅನುಮಾನವನ್ನು ಹಿಡಿದು, ವಿಚಾರಿಸಿ, ಬಿಟ್ಟುಬಿಡುವುದು. ಎಂಜಿನ್ ನಿಲ್ಲಿಸಿದೆ, ಗದ್ದಲ ನಿಲ್ಲಲಿಲ್ಲ. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತೆ. ಕೊನೆಗೆ ಕಾರಿನ ಬ್ಯಾಟರಿಯನ್ನೇ ಬಿಚ್ಚಿ, ರೇಡಿಯೋವನ್ನು ಬೇರೆ ಬ್ಯಾಟರಿಗೆ ಕಟ್ಟಿದೆ. ಕಾರು ಕಟ್ಟಿಗೆಯ ತುಂಡಿನಂತೆ ಸತ್ತು ಬಿದ್ದಿತ್ತು, ಗದ್ದಲ ಮಾತ್ರ ಹಾಗೇ ಇತ್ತು. ಕೈಯಲ್ಲಿ ಹಿಡಿಯುವ ಪುಟ್ಟ ರಿಸೀವರ್ ತಂದು ಕಾರಿನ ಸುತ್ತ ಓಡಾಡಿದೆ. ಮುಂದಿನ ಗಾಜಿನ ಹತ್ತಿರ ಸದ್ದು ಜೋರಾಯಿತು. ಸಿಕ್ಕಿಬಿದ್ದೆ ಮಗನೇ ಅಂದುಕೊಂಡು ಕನ್ನಡಿ ಬಿಚ್ಚಿದೆ, ಮಳೆ ಗುರುತಿಸುವ ಸೆನ್ಸರ್ ಬಿಚ್ಚಿದೆ, ಟೋಲಿನ ಸ್ಟಿಕ್ಕರನ್ನೂ ಬಿಡದೆ ಕಿತ್ತೆ. ಮೀಟರುಗಳ ಫಲಕದ ಒಳಗೆ ಎಲ್ಲೋ ಚಾರ್ಜು ಉಳಿದಿರಬೇಕು ಎಂದು ವಾದ ಹೂಡಿಕೊಂಡೆ.

“ಮೇಡಂ, ಟೋಲ್ ಸ್ಟಿಕ್ಕರ್ ಯಾಕೆ ತೆಗೆದ್ರಿ?” ಅಳಿಯ ಕಿಟಕಿಯಿಂದಲೇ ಕೇಳಿದ.

“ಡೌಟು ಬಂತು ಸರ್.”

“ಅದ್ರಲ್ಲಿ ಬ್ಯಾಟರಿನೇ ಇರಲ್ವಲ್ಲ?”

ಅವನು ಹೇಳಿದ್ದು ಸರಿ. ಸರಿಯಾದದ್ದನ್ನು ಹೇಳುವವರನ್ನು ಕಂಡರೆ ಅಂಥ ಹೊತ್ತಿನಲ್ಲಿ ಮೈ ಉರಿಯುತ್ತದೆ.

ಅಕ್ಕಪಕ್ಕದ ಮನೆಗಳ ವಿದ್ಯುತ್ತಿನ ಗದ್ದಲ ಇರಬಹುದೆಂದು ಆಂಟಿಯನ್ನು ಕೂರಿಸಿಕೊಂಡು ಊರ ಹೊರಗಿನ ಹುಲ್ಲುಗಾವಲಿಗೆ ಕಾರು ತಂದೆ. ಸುತ್ತ ಒಂದು ವಿದ್ಯುತ್ ಕಂಬವೂ ಇರಲಿಲ್ಲ. ಅಲ್ಲಿಯೂ ಅದೇ ಜೀರುಂಡೆ ಡಬ್ಬ. ರೇಡಿಯೋವೇ ಕೆಟ್ಟಿರಬೇಕೆಂದು ನಮ್ಮ ಹ್ಯೂಸ್ಟನ್ ಶಾಖೆಯಿಂದ ಬೇರೊಂದನ್ನು ತರಿಸಿದೆ. ಅದೂ ಹಾಗೇ ಕೂಗಿತು. ಇಷ್ಟರಲ್ಲಿ ಭಾನುವಾರಗಳು ಕಳೆಯುತ್ತಿದ್ದವು. ಪ್ರತಿ ಭಾನುವಾರ ಬೆಳಿಗ್ಗೆ ಆಂಟಿ ಕಾರಿನಲ್ಲಿ ಕೂತು, ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ ಆ ಗದ್ದಲವನ್ನೇ ಕೇಳುತ್ತಿದ್ದರು. ಆಮೇಲೆ ಗೆಳತಿಗೆ ಮೆಸೇಜು: ಇವತ್ತೂ ಆಗಲಿಲ್ಲ, ಮುಂದಿನ ವಾರ.

“ಅಕಿ ಬಡೀಲಿಕ್ಕತ್ತಾಳ, ಅದು ನನಗ ಗೊತ್ತು,” ಎಂದರು ಒಮ್ಮೆ ಹೆಡ್‌ಫೋನ್ ತೆಗೆಯುತ್ತ. “ಬಾಗಲಾ ಹಾಕ್ಕೊಂಡು ಒಳಗ ಕೂತಂಗ ಆಗೇದ ನನಗ. ಹೊರಗ ನಿಂತು ಕರ್ಯಾಕಿಗೆ ನಾ ಒಳಗ ಇದ್ದೇನಂತ ಹೇಳೂದು ಹೆಂಗ?”

ಆ ಮಾತು ಕೇಳಿ ಮನೆಗೆ ಹೋಗುವ ದಾರಿಯುದ್ದಕ್ಕೂ ನನಗೆ ಅಳು ಒತ್ತರಿಸಿ ಬಂತು. ಕೆಲಸಕ್ಕೆ ಕಣ್ಣೀರು ಹಾಕುವಷ್ಟು ಮೆತ್ತಗಿನವಳಲ್ಲ ನಾನು. ಮುಚ್ಚಿದ ಬಾಗಿಲ ಒಳಗೆ ಕೂರುವುದು ಎಂದರೇನೆಂದು ನನಗೂ ಗೊತ್ತಿತ್ತು, ಅಷ್ಟೆ.

ಉಳಿದದ್ದು ಒಂದೇ ಅನುಮಾನ: ಆಂಟೆನಾದ ಹಿಡಿಕೆ. ನಾಲ್ಕು ಸಣ್ಣ ತಿರುಪುಗಳು ಬಣ್ಣವನ್ನು ಕೆರೆದು ಲೋಹವನ್ನು ಮುಟ್ಟೀ ಮುಟ್ಟದಂತೆ ನಿಂತಿದ್ದವು. ತಳ ಭದ್ರವಿಲ್ಲದ ಆಂಟೆನಾ ಊರಿನ ಕಸವನ್ನೆಲ್ಲ ಎಳೆದುಕೊಳ್ಳುತ್ತದೆ, ಕೊರೆದು ಕೂರಿಸುವುದೇ ಸರಿ ಎಂದು ಮಾಲೀಕನೂ ಹೇಳಿದ. ನಾನು ಆಂಟಿಯ ಮುಂದೆ ವಿಷಯ ಇಟ್ಟೆ. “ತೂತು ಹಾಕಲೇಬೇಕು ಆಂಟಿ. ಅದಾದ್ಮೇಲೂ ಸರಿಹೋಗುತ್ತೆ ಅಂತ ಗ್ಯಾರಂಟಿ ಕೊಡಕ್ಕಾಗಲ್ಲ.”

“ಗಾಡಿ ನನ್ನ ಹೆಸರಿನ್ಯಾಗ ಅದ. ಕೊರಿ.”

“ನಿಮ್ಮ ಅಳಿಯ…”

“ಅವನಿಗೆ ಉಪ್ಪಿಟ್ಟು ಮಾಡಿ ಒಳಗ ಕೂಡಸ್ತೀನಿ. ನೀ ಕೊರಿ.”

ಡ್ರಿಲ್ಲಿನ ಮೊನೆಯನ್ನು ತಗಡಿಗೆ ಇಟ್ಟೆ. ಹೊಸದೆನ್ನಬಹುದಾದ ಕಾರು, ಮುತ್ತಿನಂಥ ಬಿಳಿ ಬಣ್ಣ. “ತಡಿ ತಡಿ” ಎನ್ನುತ್ತ ಆಂಟಿ ಓಡಿಬಂದರು. ಮನಸ್ಸು ಬದಲಾಯಿತು ಅಂದುಕೊಂಡೆ. ಅವರು ಮುಂದಿನ ಬಾಗಿಲು ತೆರೆದು ಗಣಪತಿಯನ್ನು ಎತ್ತಿಕೊಂಡರು. “ಅವನ ಎದುರಿಗೆ ಗಾಡಿಗೆ ತೂತು ಹಾಕೂದು ಚಲೋ ಅಲ್ಲ. ಒಳಗ ಇಟ್ಟು ಬರ್ತೀನಿ.”

ಕೊರೆದೆ. ಅಂಚು ಉಜ್ಜಿ, ತುಕ್ಕು ಹಿಡಿಯದಂತೆ ಬಣ್ಣ ಹಚ್ಚಿ, ಉಕ್ಕಿನ ಹಿಡಿಕೆಯನ್ನು ಒಳಗಿನಿಂದ ಪಟ್ಟಿ ಕೊಟ್ಟು ಬಿಗಿದೆ. ಆಂಟೆನಾ ಏರಿಸಿದೆ. ರೇಡಿಯೋ ಹಾಕಿದೆ.

ನಿಶ್ಶಬ್ದ. ನಿಶ್ಶಬ್ದವೂ ಅಲ್ಲ, ಆಕಾಶದ ಮೆಲು ಸುಯ್ಲು. ಅದರ ಮೇಲೆ ಇಟಲಿಯವನೊಬ್ಬ, ಬ್ರೆಜಿಲಿನವನೊಬ್ಬ, ಇನ್ನೆಲ್ಲಿಯದೋ ಚುಕ್ಕಿಗೆರೆಗಳು. ನಾನು ಡ್ರಿಲ್ಲು ಹಿಡಿದುಕೊಂಡೇ ಡ್ರೈವ್‌ವೇಯಲ್ಲಿ ಕುಣಿದೆ. ಆಂಟಿ ಒಳಗಿನಿಂದ ಬಂದು ಕೇಳಿ, ಎರಡೂ ಕೈಯಿಂದ ನನ್ನ ಕೆನ್ನೆ ಸವರಿ ನೆಟಿಗೆ ಮುರಿದರು. ನನ್ನ ತೂತಿನ ಬಗ್ಗೆ ನನಗೆ ಅಪಾರ ಹೆಮ್ಮೆಯಾಯಿತು. ಅಳಿಯನಿಗೆ ಕೊಡಬೇಕಾದ ಭಾಷಣವನ್ನೂ ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡೆ.

ಆಂಟಿ ಒಳಗೆ ಹೋಗಿ ಗಣಪತಿಯನ್ನು ತಂದು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರು. ಕಿರ್‍ರ್.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಂಟಿ ಗಣಪತಿಯನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದರು, ಗದ್ದಲ ಇಳಿಯಿತು. ಮುಂದೆ ಬಂದರು, ಏರಿತು. ಗಣಪತಿಯ ಅಡಿಯಲ್ಲಿ ಬಿಸಿಲಿನಿಂದ ತುಂಬಿಕೊಳ್ಳುವ ಪುಟ್ಟ ಬ್ಯಾಟರಿ ಇತ್ತು. ದೀಪವನ್ನು ಉರಿಸಲು ಒಳಗಿದ್ದ ಅಗ್ಗದ ಸರ್ಕಿಟ್ಟು ಹಗಲಿರುಳು ಕಿರುಚುತ್ತಿತ್ತು. ಕಾರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲವಾದ್ದರಿಂದ ಫ್ಯೂಸು ಕಿತ್ತರೂ ಅದು ಸುಮ್ಮನಾಗಲಿಲ್ಲ. ಇಷ್ಟು ದಿನ ನಾನು ಕನ್ನಡಿಯನ್ನು ಬಿಚ್ಚಿದ್ದೆ, ಸ್ಟಿಕ್ಕರನ್ನು ಕಿತ್ತಿದ್ದೆ, ಹ್ಯೂಸ್ಟನ್ನಿನವರನ್ನು ಬೈದಿದ್ದೆ; ಪ್ರತಿ ದಿನ ಕೆಲಸ ಶುರು ಮಾಡುವ ಮೊದಲು ಕೈಮುಗಿಯುತ್ತಿದ್ದದ್ದು ಮಾತ್ರ ಇದೇ ಗಣಪತಿಗೆ. ನನ್ನ ಜಾಗದಲ್ಲಿ ಬೇರೆ ಯಾರೇ ಇದ್ದರೂ ಮೊದಲ ದಿನವೇ ಅದನ್ನು ಎತ್ತಿ ಹಿಂದಿನ ಸೀಟಿಗೆ ಎಸೆದಿರುತ್ತಿದ್ದರು. ನನಗೆ ದೇವರ ಮೇಲೆ ಅನುಮಾನ ಪಡಬೇಕೆಂದು ಹೊಳೆಯಲೇ ಇಲ್ಲ.

ಆಂಟಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತರು. “ವಿಘ್ನ ಕಳೀಲಿ ಅಂತ ಕೂಡ್ಸಿದ್ದವಾ ಅವನ್ನ!”

ಗಣಪತಿಗೆ ಸ್ವಿಚ್ಚು ಇರಲಿಲ್ಲ. ಅಡಿ ಬಿಚ್ಚಿ ತಂತಿ ಕತ್ತರಿಸುತ್ತೇನೆಂದೆ. ದೇವರ ಹೊಟ್ಟೆ ಕೊಯ್ಯುವುದು ಬೇಡವೆಂದರು. ರೇಡಿಯೋ ಹಾಕುವಾಗ ದೇವರು ಮನೆಯೊಳಗೆ ಇರಲಿ ಎಂದು ತೀರ್ಮಾನವಾಯಿತು. ಅಳಿಯ ತೂತನ್ನು ನೋಡಿ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಆ ಭಾನುವಾರ ಗಣಪತಿ ದೇವರ ಮನೆಯಲ್ಲಿದ್ದ, ರೇಡಿಯೋ ಶಾಂತವಾಗಿತ್ತು. ಈಗ ಆಕಾಶವೇ ಕೈಕೊಟ್ಟಿತು. ಸೂರ್ಯನಲ್ಲಿ ಏನೋ ಸಿಡಿದು ರೇಡಿಯೋ ಅಲೆಗಳ ಇಡೀ ಪಟ್ಟಿಯೇ ಸತ್ತುಹೋಗಿತ್ತು. ಇಟಲಿಯೂ ಇಲ್ಲ, ಬ್ರೆಜಿಲೂ ಇಲ್ಲ. ಆಂಟಿ ಹೆಡ್‌ಫೋನ್ ತೆಗೆದರು. ಮಣೆಯ ಮೇಲಿನ ಹಿತ್ತಾಳೆಯನ್ನು ಸೆರಗಿನಿಂದ ಒರೆಸಿ ಚೀಲದಲ್ಲಿಟ್ಟರು. ಮುಂದಿನ ಭಾನುವಾರ ಅವರು ಆಸ್ಟಿನ್ನಿಗೆ ಹೊರಡುವ ದಿನ.

ಹೈವೇಯಲ್ಲಿ ಅಷ್ಟು ದೂರ ಓಡಿಸುವ ಧೈರ್ಯ ಆಂಟಿಗೆ ಇರಲಿಲ್ಲ. ಕಾರನ್ನು ನಾನೇ ತಲುಪಿಸಿ ಬಸ್ಸಿನಲ್ಲಿ ವಾಪಸಾಗುತ್ತೇನೆಂದೆ. ಕೆಲಸ ಮುಗಿಯದೆ ಅವರನ್ನು ಕಳಿಸಲು ನನಗೆ ಮನಸ್ಸಿರಲಿಲ್ಲ. ಇನ್ನೂ ಕತ್ತಲಿರುವಾಗಲೇ ಹೊರಟು, ಡಲ್ಲಸ್ ದಾಟಿ, ಸೂರ್ಯ ಹುಟ್ಟುವ ಹೊತ್ತಿಗೆ ಹಿಲ್ಸ್‌ಬರೋದ ಹತ್ತಿರ ಹೈವೇ ಬಿಟ್ಟು ಒಂದು ಹೊಲದ ರಸ್ತೆಗೆ ಇಳಿದೆವು. ಎರಡೂ ಬದಿ ಮುಳ್ಳುತಂತಿಯ ಬೇಲಿ, ಇಬ್ಬನಿ, ಒಂದಿಷ್ಟು ದನಗಳು. ಕಾರು ನಿಲ್ಲಿಸಿ ಆಂಟೆನಾ ಏರಿಸಿದೆ. ಕಿರ್‍ರ್. ಡ್ಯಾಶ್‌ಬೋರ್ಡಿನ ಮೇಲೆ ಗಣಪತಿ ಬೆಳಗುತ್ತಿದ್ದ. ಮನೆ ಬಿಟ್ಟು ಹೊರಟ ದಿನ ಅವನು ಇನ್ನೆಲ್ಲಿರಬೇಕು?

“ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಿದ್ರೆ ಸಾಕು ಆಂಟಿ, ಸದ್ದು ಆಚೆ ಬರಲ್ಲ.”

ಆಂಟಿ ನನ್ನನ್ನು ನೋಡಿದ ನೋಟದಲ್ಲಿ ನಾನೇ ಡಬ್ಬಿಯೊಳಗೆ ಹೋದಂತಾಯಿತು. “ಪ್ರಯಾಣದ ದಿನ ದೇವರನ್ನ ಡಬ್ಬ್ಯಾಗ ಹಾಕಿ ಮುಚ್ಚೂದಾ? ಚಲೋ ಹೇಳಿದಿ. ನೆಲದ ಮ್ಯಾಲೆನೂ ಇಡಬ್ಯಾಡ. ಕೈಯಾಗ ಹಿಡಕೊಂಡು ಸ್ವಲ್ಪ ದೂರ ನಿಂದರು, ತಂಗಿ.”

ಎರಡೂ ಕೈಯಲ್ಲಿ ಗಣಪತಿಯನ್ನು ಹಿಡಿದು ಬೇಲಿಯ ಪಕ್ಕದಲ್ಲೇ ನಡೆದೆ. ಸಾಕು ಎಂದು ಆಂಟಿ ಕಾರಿನೊಳಗಿನಿಂದ ಕೈ ಎತ್ತಿ ತೋರಿಸುವವರೆಗೂ ನಡೆದು, ತಿರುಗಿ ನಿಂತೆ.

ಅಷ್ಟು ದೂರಕ್ಕೆ ನನಗೆ ಏನೂ ಕೇಳಿಸುತ್ತಿರಲಿಲ್ಲ. ಆ ಒಂದು ಸದ್ದಿಗಾಗಿ ನಾನು ಇಷ್ಟು ದಿನ ಒದ್ದಾಡಿದ್ದೆ, ಬೇರೆಯವರ ಕಾರಿಗೆ ತೂತು ಕೊರೆದಿದ್ದೆ. ಅದು ಬಂದರೂ ನನ್ನ ಕಿವಿಗೆ ಬೀಳದು, ಹತ್ತಿರ ಹೋದರೆ ನಾನೇ ಅದನ್ನು ಮುಳುಗಿಸುತ್ತೇನೆ. ಗಾಜಿನ ಹಿಂದೆ ಆಂಟಿಯ ಬಾಗಿದ ತಲೆ ಕಾಣುತ್ತಿತ್ತು. ಅವರ ಬಲಗೈ ಅಲ್ಲಾಡುತ್ತಿರಲಿಲ್ಲ. ಕೇಳುತ್ತಿದ್ದರು.

ಒಂದು ಪಿಕಪ್ಪು ಬಂದು ನನ್ನ ಪಕ್ಕ ನಿಂತಿತು. ಹ್ಯಾಟು ಹಾಕಿದ ಮುದುಕ ಕಿಟಕಿ ಇಳಿಸಿ, ಕಾರು ಕೆಟ್ಟಿದೆಯೇ ಎಂದು ಕೇಳಿದ. ಇಲ್ಲ, ಆ ಅಮ್ಮ ತನ್ನ ಗೆಳತಿಯ ಜೊತೆ ಮಾತಾಡುತ್ತಿದ್ದಾರೆ ಎಂದೆ. ಅವನು ಕಾರನ್ನು ನೋಡಿದ, ನನ್ನನ್ನು ನೋಡಿದ, ನನ್ನ ಕೈಯಲ್ಲಿ ಬೆಳಗುತ್ತಿದ್ದ ಆನೆಮುಖವನ್ನು ನೋಡಿದ. ನಿಧಾನವಾಗಿ ಮಾತಾಡಲಿ, ಅವಸರವೇನಿಲ್ಲ ಎಂದು ಹೇಳಿ ಹೊರಟುಹೋದ.

ಮತ್ತೆ ತಿರುಗಿ ನೋಡಿದಾಗ ಆಂಟಿಯ ಕೈ ಆಡುತ್ತಿತ್ತು. ಮಣಿಕಟ್ಟು ಮೇಲೆ ಕೆಳಗೆ, ಮೇಲೆ ಕೆಳಗೆ. ನಿಂತಿತು. ಬಹಳ ಹೊತ್ತು ನಿಂತಿತು. ಮತ್ತೆ ಆಡಿತು. ಬಿಸಿಲು ಗಾಜಿನ ಮೇಲೆ ಬಿದ್ದು ಮುಖ ಕಾಣದಾಯಿತು. ಕಾಲು ಮರಗಟ್ಟಿತು, ತೋಳು ಸೋತಿತು. ಗಣಪತಿಯನ್ನು ಎದೆಗೆ ಒತ್ತಿಕೊಂಡೆ. ಆ ಕಾರಿನೊಳಗೆ ಇರಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದರೆ, ಅಂಥ ಆಸೆ ಆಮೇಲೆ ಯಾವುದಕ್ಕೂ ಆಗಿಲ್ಲ.

ಕೊನೆಗೆ ಬಾಗಿಲು ತೆರೆಯಿತು. ಓಡಿದೆ. ಆಂಟಿಯ ಕಣ್ಣು ಕೆಂಪಗಿತ್ತು, ಬಾಯಿ ನಗುತ್ತಿತ್ತು.

“ಸಿಕ್ಕರಾ ಆಂಟಿ? ಏನಂದ್ರು?”

“ಬೈದಳು. ನಿನ್ನ ಕೈ ಜಡ ಆಗೇದ, ರೂಢಿ ಬಿಟ್ಟೀದಿ, ಈಗಿನ ಹುಡುಗರಂಗ ಬಡೀತೀದಿ ಅಂದ್ಲು.” ಹೆಡ್‌ಫೋನನ್ನು ಮಣೆಯ ಮೇಲೆ ಇಟ್ಟು ಅದನ್ನೇ ನೋಡುತ್ತ ಕೂತರು. “ಎಲ್ಲಾರೂ ಅಕಿ ದನಿ ಹೋತು, ದನಿ ಹೋತು ಅಂತಾರ. ಎಲ್ಲೆ ಹೋಗೇದ? ಹಂಗ ಅದ. ಏನೂ ಆಗಿಲ್ಲ ಅದಕ್ಕ.”

ಗಣಪತಿಯನ್ನು ಅವನ ಜಾಗದಲ್ಲಿ ಇಟ್ಟೆ. ರೇಡಿಯೋ ಕಿರ್‍ರ್ ಎಂದಿತು. ಆಂಟಿ ಸದ್ದು ಇಳಿಸಿದರು, ಪೂರ್ತಿ ನಿಲ್ಲಿಸಲಿಲ್ಲ. “ಇರಲಿ ಬಿಡು. ಅವನೂ ಏನರ ಹೇಳ್ಲಿಕ್ಕತ್ತಿರಬೇಕು.”

ಏನೂ ಕೇಳಿಸದೆ ಹೊರಗೆ ನಿಂತಿದ್ದ ನನ್ನ ಸಂಕಟ ಅವರಿಗೆ ಗೊತ್ತಾಗಿರಬೇಕು. ಆಸ್ಟಿನ್ನಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಮಣೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, “ಮಾತು ಮುಗಸೂಮುಂದ ಎಲ್ಲಾರೂ ಎರಡು ಚುಕ್ಕಿ ಒಗದು ಹೋಗ್ತಾರ,” ಎಂದರು. “ಟಿಕ್ ಟಿಕ್, ಮುಗೀತು. ಇಕಿ ಹಂಗಲ್ಲ. ಕೇಳು, ಇಕಿ ಕೈ ಹಿಂಗ.” ಬೆರಳಿನಿಂದ ಮಣೆಯ ಮೇಲೆ ಒಮ್ಮೆ ತಟ್ಟಿದರು. ಬೆರಳು ಎತ್ತಿ ಸುಮ್ಮನೆ ಹಿಡಿದರು. ಎದ್ದು ನಿಂತ ಮೇಲೂ ಬಾಗಿಲಲ್ಲಿ ಒಂದು ಗಳಿಗೆ ತಡೆಯುತ್ತೇವಲ್ಲ, ಅಷ್ಟು ಹೊತ್ತು. ಆಮೇಲೆ ಇನ್ನೊಮ್ಮೆ ತಟ್ಟಿದರು.

ಹಿಂತಿರುಗಿದ ಮೇಲೆ ನನ್ನ ಕಾರಿಗೂ ಒಂದು ರಿಸೀವರ್ ಕೂರಿಸಿಕೊಂಡೆ. ಕೇಳಲಿಕ್ಕೆ ಪರವಾನಗಿ ಬೇಕಿಲ್ಲ. ನನ್ನ ಡ್ಯಾಶ್‌ಬೋರ್ಡಿನ ಗಣಪತಿ ಮಣ್ಣಿನವನು, ದೀಪವಿಲ್ಲ. ಆಂಟಿ ಈಗ ಆಸ್ಟಿನ್ನಿನಲ್ಲಿ ಭಾನುವಾರ ಬೆಳಿಗ್ಗೆ ಕಾರನ್ನು ಬಯಲಿಗೆ ತಂದು, ಮೊಮ್ಮಗಳ ಕೈಗೆ ಗಣಪತಿಯನ್ನು ಕೊಟ್ಟು ದೂರ ನಿಲ್ಲಿಸುತ್ತಾರಂತೆ. ಅವರು ಬಡಿಯುವುದು ನನಗೆ ಕೇಳುವುದಿಲ್ಲ. ಆಸ್ಟಿನ್ ತೀರ ಹತ್ತಿರವಾಯಿತು, ಆ ಅಲೆ ನನ್ನ ತಲೆಯ ಮೇಲಿಂದಲೇ ಹಾರಿ ಹೋಗುತ್ತದೆ. ಅವರು ಏನು ಕೇಳಿದರೋ, ಏನು ಹೇಳಿದರೋ ನನಗೆ ಗೊತ್ತಾಗುವುದಿಲ್ಲ. ಆಕಾಶ ಒಲಿದ ದಿನ, ಮರ್ಫಿಯ ಪಾರ್ಕಿನ ಬಳಿ ಕಾರು ನಿಲ್ಲಿಸಿ ಕೂತಿದ್ದರೆ, ಧಾರವಾಡ ಮಾತ್ರ ಸಣ್ಣಗೆ ಕೇಳುತ್ತದೆ. ಅಕ್ಷರಗಳನ್ನು ಸರಿಯಾಗಿ ಬಿಡಿಸಲು ನನಗಿನ್ನೂ ಬಾರದು. ನಾನು ಕಾಯುವುದು ಕೊನೆಗಾಗಿ. ಒಂದು ಟಿಕ್ ಬರುತ್ತದೆ. ಉಸಿರು ಹಿಡಿದು ಕೂರುತ್ತೇನೆ. ಆಮೇಲೆ, ತಡವಾಗಿ, ಇನ್ನೊಂದು.